ಗಾಳಿಯನ್ನು ತೂಗುವ ಕಾರಿಗೆ ಪೆಟ್ರೋಲ್ ಬದಲಾಗಿದ್ದು ಗೊತ್ತಾಗುವುದು ಹೇಗೆ?

ಇ20 ಪೆಟ್ರೋಲ್, ಅಂದರೆ ಶೇ 20ರಷ್ಟು ಎಥೆನಾಲ್ (ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ತೆಗೆಯುವ ಆಲ್ಕೋಹಾಲ್) ಬೆರೆಸಿದ ಪೆಟ್ರೋಲಿನ ಜಗಳ ಜೋರಾಗಿದ್ದು 2025ರ ಆಗಸ್ಟ್‌ನಲ್ಲಿ. ಮೈಲೇಜ್ ಬಿದ್ದುಹೋಯಿತು, ಎಂಜಿನ್ ಹಾಳಾಗುತ್ತದೆ, ಕೊನೆಗೆ ವಿಮೆಯೂ ಸಿಗುವುದಿಲ್ಲವಂತೆ ಅನ್ನುವವರೆಗೆ ಸುದ್ದಿ ಹಬ್ಬಿತು. ಪೆಟ್ರೋಲಿಯಂ ಸಚಿವಾಲಯ ಸ್ಪಷ್ಟನೆ ಕೊಟ್ಟಿತು, ವಿಮೆಯ ಮಾತಿಗೆ ಆಧಾರವಿಲ್ಲ ಎಂದಿತು. ಎಥೆನಾಲ್ ಬೆರೆಸದ ಪೆಟ್ರೋಲೂ ಬಂಕ್‌ನಲ್ಲಿ ಸಿಗಬೇಕು ಎಂದು ಕೇಳಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕೋರ್ಟಿನ ಕೆಲಸ ಅಲ್ಲಿಗೆ ಮುಗಿಯಿತು, ಜನರ ಗೊಂದಲ ಮುಗಿಯಲಿಲ್ಲ.

ಒಂದು ಕಡೆಯವರು "ಈಗಿನ ಕಾರುಗಳಲ್ಲಿ ಸೆನ್ಸರ್ ಇರುತ್ತವೆ, ಅವೇ ಹೊಂದಿಸಿಕೊಳ್ಳುತ್ತವೆ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಹಾಗಾದರೆ ಚೆಕ್ ಎಂಜಿನ್ ಲೈಟ್ ಯಾಕೆ ಹತ್ತಿತು?" ಅನ್ನುತ್ತಾರೆ. ಗ್ಯಾರೇಜಿಗೆ ಹೋದರೆ ಮೂರನೇ ಉತ್ತರ: ಏರ್ ಫ್ಲೋ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು. ತಮಾಷೆ ಅಂದರೆ ಮೂರು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಯಾವ ಸೆನ್ಸರ್ ಏನನ್ನು ನೋಡುತ್ತದೆ, ಯಾವುದು ಅದರ ಕಣ್ಣಿಗೆ ಬೀಳುವುದೇ ಇಲ್ಲ ಅನ್ನುವುದನ್ನು ಬಿಡಿಸಿಕೊಂಡರೆ ಈ ಜಗಳದ ಅರ್ಧ ಭಾಗ ತಾನಾಗಿ ಕರಗುತ್ತದೆ. ಉಳಿದ ಅರ್ಧ ಕರಗುವುದಿಲ್ಲ, ಅದು ಎಂಜಿನ್ನಿಗೆ ಸಂಬಂಧಪಟ್ಟದ್ದೇ ಅಲ್ಲ.

ಇಲ್ಲಿಯವರೆಗೆ ಆಗಿದ್ದು

ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು ಹೊಸದಲ್ಲ. ದೇಶದಲ್ಲಿ ಸರಾಸರಿ ಶೇ 10ರ ಬೆರಕೆ 2022ರ ಜೂನ್ ಹೊತ್ತಿಗೇ ಆಗಿತ್ತು. ಶೇ 20ರ ಗುರಿ ಮೊದಲು 2030ಕ್ಕೆ ಅಂತ ಇತ್ತು, ಆಮೇಲೆ ಅದನ್ನು 2025-26ಕ್ಕೆ ಎಳೆದುಕೊಂಡರು. ಇ20 ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಆಗ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಮಾತ್ರ ಸಿಗುತ್ತಿತ್ತು. ಎರಡೂವರೆ ವರ್ಷದಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಇ20 ಅನ್ನುವ ಹಾಗಾಯಿತು. ರಸ್ತೆಯ ಮೇಲಿನ ಗಾಡಿಗಳು ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. 2023ರ ಏಪ್ರಿಲ್‌ಗಿಂತ ಮೊದಲು ಕೊಂಡ ಕಾರುಗಳ ದೊಡ್ಡ ಪಾಲು ಇ10ರ, ಅಂದರೆ ಶೇ 10ರ ಬೆರಕೆಯ ಲೆಕ್ಕದಲ್ಲಿ ತಯಾರಾದವು. ಸಮಸ್ಯೆಯ ಬೇರು ಇಲ್ಲಿದೆ: ದ್ರವ ಬದಲಾಯಿತು, ಗಾಡಿ ಹಳೆಯದೇ.

ಎಂಜಿನ್ನಿಗೆ ಬೇಕಾದ್ದು ಗಾಳಿಯ ತೂಕ

ಪೆಟ್ರೋಲ್ ಎಂಜಿನ್ ಅಂದರೆ ಮೊದಲು ಒಂದು ಗಾಳಿ ಪಂಪು. ನೀವು ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ನೇರವಾಗಿ ಜಾಸ್ತಿ ಆಗುವುದಿಲ್ಲ. ಥ್ರಾಟಲ್, ಅಂದರೆ ಗಾಳಿಯ ದಾರಿಯಲ್ಲಿರುವ ಕವಾಟ, ತೆರೆದು ಗಾಳಿ ಜಾಸ್ತಿ ಆಗುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಇಂಜೆಕ್ಟರ್ ಚಿಮ್ಮಿಸುತ್ತದೆ. ಎಷ್ಟು ತಕ್ಕಷ್ಟು? ಶುದ್ಧ ಪೆಟ್ರೋಲಾದರೆ 1 ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ. ಇದು ತೂಕದ ಲೆಕ್ಕ ಅನ್ನುವುದನ್ನು ಗಮನಿಸಿ. ಲೀಟರ್ ಲೆಕ್ಕ ಅಲ್ಲ.

ಯಾಕೆಂದರೆ ಒಂದು ಲೀಟರ್ ಗಾಳಿ ಎಲ್ಲ ಕಡೆ ಒಂದೇ ತೂಕ ಇರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಅದೇ ಉಷ್ಣತೆಯ ಮಂಗಳೂರಿನ ಗಾಳಿಗಿಂತ ಹತ್ತಿರ ಹತ್ತಿರ ಶೇ 10ರಷ್ಟು ತೆಳು. ಮುಳ್ಳಯ್ಯನಗಿರಿಯ ಮೇಲಂತೂ ಇನ್ನೂ ತೆಳು. ಮಧ್ಯಾಹ್ನದ ಬಿಸಿ ಗಾಳಿ ಬೆಳಗಿನ ತಣ್ಣನೆ ಗಾಳಿಗಿಂತ ಹಗುರ. ಕಾರ್ಬ್ಯುರೇಟರ್ (ಇಂಜೆಕ್ಟರ್ ಬರುವ ಮೊದಲು ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಸಾಧನ) ಕಾಲದ ಗಾಡಿಗಳು ಘಟ್ಟ ಹತ್ತುವಾಗ ಕಪ್ಪು ಹೊಗೆ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ: ಗಾಳಿ ತೆಳುವಾಗಿದೆ ಅನ್ನುವುದು ಕಾರ್ಬ್ಯುರೇಟರಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ, ಅದು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತಿತ್ತು.

ಒಳಗೆ ಹೋಗುವ ಗಾಳಿಯ ತೂಕವನ್ನೇ ಅಳೆದುಬಿಟ್ಟರೆ ಎತ್ತರ, ಬಿಸಿಲು, ಚಳಿ ಎಲ್ಲದರ ತಲೆನೋವು ಒಟ್ಟಿಗೆ ಹೋಗುತ್ತದೆ ಅಲ್ವಾ? ಏರ್ ಫ್ಲೋ ಸೆನ್ಸರ್, ಅಂದರೆ ಎಂಎಎಫ್ ಸೆನ್ಸರ್, ಮಾಡುವ ಕೆಲಸ ಇದೇ.

ಬಿಸಿ ತಂತಿಯ ಲೆಕ್ಕ

ಬೋನೆಟ್ ತೆಗೆದರೆ ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್ ಕಡೆಗೆ ಹೋಗುವ ದಪ್ಪ ಕೊಳವೆ ಕಾಣುತ್ತದೆ. ಫಿಲ್ಟರ್ ದಾಟಿದ ಕೂಡಲೇ, ನಾಲ್ಕೈದು ವೈರಿನ ಒಂದು ಪ್ಲಗ್ ಸಿಕ್ಕಿಸಿರುವ ಸಣ್ಣ ಪ್ಲಾಸ್ಟಿಕ್ ತುಂಡು ಇದ್ದರೆ ಅದೇ ಈ ಸೆನ್ಸರ್. ಒಳಗೆ ಕೂದಲಿನಷ್ಟು ತೆಳ್ಳಗಿನ ಪ್ಲಾಟಿನಂ ತಂತಿ, ಅಥವಾ ಈಗಿನ ಮಾದರಿಗಳಲ್ಲಿ ಅದೇ ಕೆಲಸ ಮಾಡುವ ತೆಳು ಪದರ.

ಕೆಲಸ ಮಾಡುವ ರೀತಿ ಸರಳ. ಬಿಸಿ ಕಾಫಿಯ ಮೇಲೆ ಊದಿದರೆ ಬೇಗ ಆರುತ್ತದೆ, ಜೋರಾಗಿ ಊದಿದರೆ ಇನ್ನೂ ಬೇಗ. ಇಲ್ಲಿ ಕಾಫಿಯ ಜಾಗದಲ್ಲಿ ತಂತಿ. ವಿದ್ಯುತ್ ಹರಿಸಿ ಅದನ್ನು ಒಳಬರುವ ಗಾಳಿಗಿಂತ ಸುಮಾರು 100 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಬಿಸಿ ಇಡುತ್ತಾರೆ. ಗಾಳಿ ಬೀಸಿದಂತೆ ತಂತಿ ತಣ್ಣಗಾಗಲು ನೋಡುತ್ತದೆ. ಸರ್ಕ್ಯೂಟ್ ಆಗಲು ಬಿಡುವುದಿಲ್ಲ, ಇನ್ನಷ್ಟು ವಿದ್ಯುತ್ ಕೊಟ್ಟು ಅದೇ ಬಿಸಿಯಲ್ಲಿ ಹಿಡಿದಿಡುತ್ತದೆ. ಎಷ್ಟು ಜಾಸ್ತಿ ವಿದ್ಯುತ್ ಬೇಕಾಯಿತೋ ಅಷ್ಟು ಗಾಳಿ ಹೋಯಿತು ಅಂತ ಲೆಕ್ಕ. ದಟ್ಟ ಗಾಳಿ ಜಾಸ್ತಿ ಶಾಖ ಒಯ್ಯುತ್ತದೆ, ತೆಳು ಗಾಳಿ ಕಡಿಮೆ. ಹೀಗಾಗಿ ವೇಗ ಮಾತ್ರ ಅಲ್ಲ, ತೂಕವೇ ನೇರವಾಗಿ ಸಿಗುತ್ತದೆ. ಒಳಬರುವ ಗಾಳಿಯ ಉಷ್ಣತೆಯನ್ನು ತಿಳಿಯಲು ಪಕ್ಕದಲ್ಲೇ ಇನ್ನೊಂದು ಪುಟ್ಟ ಸೆನ್ಸರ್ ಇರುತ್ತದೆ.

ಗಾತ್ರದ ಅಂದಾಜಿಗೆ ಒಂದು ಲೆಕ್ಕ. 1.2 ಲೀಟರ್ ಎಂಜಿನ್ 3,000 ಆರ್‌ಪಿಎಮ್‌ನಲ್ಲಿ ಪೂರ್ತಿ ತುಂಬಿಕೊಂಡು ಓಡಿದರೆ ಸೆಕೆಂಡಿಗೆ 30 ಲೀಟರ್ ಗಾಳಿ ಎಳೆಯುತ್ತದೆ. ಸಮುದ್ರಮಟ್ಟದಲ್ಲಿ ಅದು ಸುಮಾರು 36 ಗ್ರಾಂ. ಅದೇ ಎಂಜಿನ್ ಸಿಗ್ನಲ್‌ನಲ್ಲಿ ಸುಮ್ನೆ ನಿಂತು ಗುಟುಗುಟು ಅನ್ನುವಾಗ ಸೆಕೆಂಡಿಗೆ 2 ಗ್ರಾಂನ ಆಸುಪಾಸು. ಇಷ್ಟು ದೊಡ್ಡ ಅಂತರವನ್ನು ಕೆಲವೇ ವೋಲ್ಟಿನೊಳಗೆ ಹೇಳಬೇಕು.

ಸೂಕ್ಷ್ಮ ಇರುವುದು ಇಲ್ಲೇ. ಗಾಳಿ ನಾಲ್ಕು ಪಟ್ಟಾದರೆ ತಂತಿಯಿಂದ ಹೋಗುವ ಶಾಖ ನಾಲ್ಕು ಪಟ್ಟಾಗುವುದಿಲ್ಲ, ಹೆಚ್ಚೆಂದರೆ ಎರಡು ಪಟ್ಟು. ಈ ಸಂಬಂಧವನ್ನು ಭೌತವಿಜ್ಞಾನಿ ಎಲ್.ವಿ. ಕಿಂಗ್ 1914ರಲ್ಲೇ ಬರೆದಿಟ್ಟಿದ್ದಾರೆ, ಕಾರಿಗೆ ಅದು ಬಂದಿದ್ದು 1980ರ ದಶಕದ ಆರಂಭದಲ್ಲಿ, ಬಾಷ್ ಕಂಪನಿಯ ಎಲ್ಎಚ್-ಜೆಟ್ರಾನಿಕ್ ಅನ್ನುವ ಇಂಜೆಕ್ಷನ್ ವ್ಯವಸ್ಥೆಯ ಮೂಲಕ. ಶಾಖ ಎರಡು ಪಟ್ಟಾಗಲು ವೋಲ್ಟೇಜ್ ಎರಡು ಪಟ್ಟಾಗಬೇಕಿಲ್ಲ, 1.4 ಪಟ್ಟು ಸಾಕು. ಅಂದರೆ ಗಾಳಿ ನಾಲ್ಕು ಪಟ್ಟು ಏರಿದಾಗ ವೋಲ್ಟೇಜ್ ಏರುವುದು ಅರ್ಧಕ್ಕಿಂತ ಕಡಿಮೆ. ಇದನ್ನು ತಿರುಗಿಸಿ ನೋಡಿ: ವೋಲ್ಟೇಜಿನಲ್ಲಿ ಶೇ 1ರ ತಪ್ಪು ಆದರೆ ಗಾಳಿಯ ಲೆಕ್ಕದಲ್ಲಿ ಕನಿಷ್ಠ ಶೇ 4ರ ತಪ್ಪು. ಈ ಶೇ 4 ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಇ20 ಲೆಕ್ಕದಲ್ಲಿ ಮತ್ತೆ ಬರುತ್ತದೆ.

ನಿಮ್ಮ ಕಾರಿನಲ್ಲಿ ಅದು ಇಲ್ಲದೆಯೂ ಇರಬಹುದು

ನಮ್ಮ ರಸ್ತೆಯ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಏರ್ ಫ್ಲೋ ಸೆನ್ಸರ್ ಇರುವುದೇ ಇಲ್ಲ. ಅದರ ಬದಲು ಮ್ಯಾಪ್ ಸೆನ್ಸರ್ ಇರುತ್ತದೆ. ಅದು ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗಿನ ಗಾಳಿಯ ಒತ್ತಡ ನೋಡುತ್ತದೆ. ಒತ್ತಡ, ಉಷ್ಣತೆ, ಆರ್‌ಪಿಎಮ್ ಮೂರನ್ನೂ ಸೇರಿಸಿ ಗಾಳಿ ಎಷ್ಟಿರಬಹುದು ಅಂತ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಲೆಕ್ಕ ಹಾಕುತ್ತದೆ. ಅಗ್ಗ, ಗಟ್ಟಿ, ಧೂಳಿಗೆ ಅಷ್ಟು ಬೇಗ ಹಾಳಾಗುವುದಿಲ್ಲ. ಇಂಜೆಕ್ಷನ್ ಇರುವ ಬೈಕು ಸ್ಕೂಟರುಗಳಲ್ಲೂ ಸಾಮಾನ್ಯವಾಗಿ ಇದೇ ದಾರಿ.

ಡೀಸೆಲ್ ಕಾರುಗಳಲ್ಲಿ ಮಾತ್ರ ಏರ್ ಫ್ಲೋ ಸೆನ್ಸರ್ ಬಹುತೇಕ ಇದ್ದೇ ಇರುತ್ತದೆ. ಅಲ್ಲಿ ಅದರ ಮುಖ್ಯ ಕೆಲಸ ಬೇರೆ: ಸುಟ್ಟ ಹೊಗೆಯನ್ನು ಎಷ್ಟು ವಾಪಸ್ ಎಂಜಿನ್ನಿಗೆ ಕಳಿಸಬೇಕು ಅಂತ ನಿರ್ಧರಿಸಲು, ಕರಿ ಹೊಗೆ ಬರದ ಹಾಗೆ ಡೀಸೆಲ್ ಪ್ರಮಾಣಕ್ಕೆ ಮಿತಿ ಹಾಕಲು ಅದು ಬೇಕು. ಡೀಸೆಲ್ ಕಾರಿನವರು ಪಿಕಪ್ ಹೋಗಿದ್ದಕ್ಕೆ ಇ20ಯನ್ನು ಬೈಯುವುದು ಆಗಾಗ ಕೇಳಿಬರುತ್ತದೆ. ಡೀಸೆಲ್ಲಿಗೂ ಇ20ಗೂ ಸಂಬಂಧ ಇಲ್ಲ ಮಾರಾಯ್ರೆ.

ಹಾಗಾಗಿ ಸಣ್ಣ ಪೆಟ್ರೋಲ್ ಕಾರಿಗೆ "ಏರ್ ಫ್ಲೋ ಸೆನ್ಸರ್ ಹಾಕಬೇಕು" ಅಂತ ಯಾರಾದರೂ ಹೇಳಿದರೆ, ಮೊದಲು ಅದು ಆ ಕಾರಿನಲ್ಲಿ ಎಲ್ಲಿದೆ ಅಂತ ತೋರಿಸಲು ಕೇಳುವುದು ಒಳ್ಳೆಯದು.

ಇ20 ಒಳಗೆ ಹೋದಾಗ ಏನಾಗುತ್ತದೆ

ಎಥೆನಾಲ್‌ನ ಅಣುವಿನಲ್ಲೇ ಆಕ್ಸಿಜನ್ ಇದೆ. ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ. ಸುಡಲು ಬೇಕಾದ ಆಕ್ಸಿಜನ್ ಒಂದಷ್ಟನ್ನು ಅದು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದಂತೆ. ಆದ್ದರಿಂದ 1 ಗ್ರಾಂ ಎಥೆನಾಲಿಗೆ ಸುಮಾರು 9 ಗ್ರಾಂ ಗಾಳಿ ಸಾಕು. ಬೆರೆಸಿ ಲೆಕ್ಕ ಹಾಕಿದರೆ ಇ10ಗೆ ಸುಮಾರು 14.1, ಇ20ಗೆ ಸುಮಾರು 13.5.

ಗಾಳಿ ಅಷ್ಟೇ, ಆದರೆ ಅದಕ್ಕೆ ಬೇಕಾದ ಇಂಧನ ಜಾಸ್ತಿ. ಇ10ರಿಂದ ಇ20ಗೆ ಬಂದರೆ ಸುಮಾರು ಶೇ 4ರಷ್ಟು ಜಾಸ್ತಿ ಚಿಮ್ಮಿಸಬೇಕು. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಎಂಜಿನ್ ಆದರೆ ಸುಮಾರು ಶೇ 8. ಹಳೆಯ ಲೆಕ್ಕದಲ್ಲೇ ಚಿಮ್ಮಿಸಿದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಇಂಧನ ಕಡಿಮೆ. ಗ್ಯಾರೇಜ್ ಭಾಷೆಯಲ್ಲಿ ಲೀನ್ ಆಯಿತು.

ಏರ್ ಫ್ಲೋ ಸೆನ್ಸರ್ ಇದನ್ನು ಕಂಡುಹಿಡಿಯುತ್ತದೆಯೇ? ಇಲ್ಲ. ಮ್ಯಾಪ್ ಸೆನ್ಸರ್? ಅದೂ ಇಲ್ಲ. ಎರಡೂ ಕೂತಿರುವುದು ಗಾಳಿಯ ಬಾಗಿಲಲ್ಲಿ. ಟ್ಯಾಂಕಿನಲ್ಲಿ ಇ20 ಇದೆಯೋ ಇನ್ನೇನಿದೆಯೋ ಅವಕ್ಕೆ ತಿಳಿಯುವುದಿಲ್ಲ. "ಸೆನ್ಸರ್ ಹೊಂದಿಸಿಕೊಳ್ಳುತ್ತದೆ" ಅನ್ನುವಾಗ ಹೊಂದಿಸುವುದು ಬೇರೆ ಸೆನ್ಸರ್: ಸೈಲೆನ್ಸರ್ ಕಡೆ ಇರುವ ಆಕ್ಸಿಜನ್ ಸೆನ್ಸರ್.

ಅದು ಸುಟ್ಟು ಹೊರಬಂದ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ನೋಡುತ್ತದೆ. ಅದಕ್ಕೂ ಎಥೆನಾಲ್ ಅಂತ ಗೊತ್ತಾಗುವುದಿಲ್ಲ, ಆದರೆ ಆಕ್ಸಿಜನ್ ಜಾಸ್ತಿ ಉಳಿದಿದೆ ಅನ್ನುವುದು ಗೊತ್ತಾಗುತ್ತದೆ. ಇಸಿಯು ಇಂಜೆಕ್ಟರನ್ನು ಸ್ವಲ್ಪ ಜಾಸ್ತಿ ಹೊತ್ತು ತೆರೆದಿಡುತ್ತದೆ. ಮತ್ತೆ ನೋಡುತ್ತದೆ, ಮತ್ತೆ ತಿದ್ದುತ್ತದೆ. ಈ ತಿದ್ದುಪಡಿಗೆ ಫ್ಯೂಯೆಲ್ ಟ್ರಿಮ್ ಅನ್ನುತ್ತಾರೆ. ಕ್ಷಣಕ್ಷಣದ ಟ್ರಿಮ್ ಒಂದು, ಕೆಲವು ದಿನದ ಓಟದಲ್ಲಿ ಕಲಿತು ನೆನಪಿಟ್ಟುಕೊಳ್ಳುವ ಟ್ರಿಮ್ ಇನ್ನೊಂದು. ಅಡುಗೆಗೆ ಹೋಲಿಸಿದರೆ ಏರ್ ಫ್ಲೋ ಸೆನ್ಸರ್ ಅಕ್ಕಿ ಅಳೆಯುವ ಪಾವು, ಆಕ್ಸಿಜನ್ ಸೆನ್ಸರ್ ಅನ್ನದ ಅಗುಳು ಹಿಸುಕಿ ನೋಡುವ ಕೈ. ಅಕ್ಕಿ ಬೇರೆ ಅಂತ ಪಾವಿಗೆ ತಿಳಿಯುವುದಿಲ್ಲ. ಕೈಗೆ ತಿಳಿಯುತ್ತದೆ, ಆದರೆ ಬೆಂದ ಮೇಲೆ.

ಬೆಂದ ಮೇಲೆ ಅನ್ನುವುದು ಮುಖ್ಯ. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಆಕ್ಸಿಜನ್ ಸೆನ್ಸರ್ ಇನ್ನೂ ಬಿಸಿಯಾಗಿರುವುದಿಲ್ಲ, ಅದರ ಮಾತನ್ನು ಇಸಿಯು ಕೇಳುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿ ಓವರ್‌ಟೇಕ್ ಮಾಡುವಾಗಲೂ ಬಹಳ ಕಾರುಗಳಲ್ಲಿ ಕೇಳುವುದಿಲ್ಲ. ಆಗ ಗಾಳಿಯ ಅಳತೆ, ಮೊದಲೇ ಬರೆದಿಟ್ಟ ಕೋಷ್ಟಕ, ಕಲಿತ ಟ್ರಿಮ್ ಇಷ್ಟರ ಮೇಲೆಯೇ ನಡೆಯಬೇಕು. ಜೊತೆಗೆ ಎಥೆನಾಲ್ ಆವಿಯಾಗಲು ಪೆಟ್ರೋಲಿನ ಎರಡು ಪಟ್ಟಿಗಿಂತ ಜಾಸ್ತಿ ಶಾಖ ಬೇಡುತ್ತದೆ. ಹಳೆ ಕಾರು ಚಳಿಗಾಲದ ಬೆಳಿಗ್ಗೆ ಒಂದೆರಡು ಸಲ ಕೆಮ್ಮಿ ಸ್ಟಾರ್ಟ್ ಆಗುತ್ತದೆ ಅನ್ನುವ ದೂರು ಪೂರ್ತಿ ಕಲ್ಪನೆ ಅಲ್ಲ.

ಹೀಗಿದ್ದರೂ ಶೇ 4 ಅಥವಾ ಶೇ 8 ಅನ್ನುವುದು ಆರೋಗ್ಯವಾಗಿರುವ ಇಂಜೆಕ್ಷನ್ ಕಾರಿಗೆ ದೊಡ್ಡ ಹೊರೆ ಅಲ್ಲ. ಟ್ರಿಮ್ ಶೇ 20-25ರ ಆಸುಪಾಸಿನವರೆಗೆ ಹೋಗಬಲ್ಲದು, ಮಿತಿ ಕಂಪನಿಯಿಂದ ಕಂಪನಿಗೆ ಬೇರೆ. ಆರೋಗ್ಯವಾಗಿರುವ ಅನ್ನುವ ಪದದಲ್ಲೇ ಎಲ್ಲ ಇದೆ.

ಕೊಳೆ ಹಿಡಿದ ಸೆನ್ಸರಿಗೆ ಇ20 ಸೇರಿದರೆ

ಏರ್ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ನಯವಾದ ಧೂಳು ಸ್ವಲ್ಪ ದಾಟುತ್ತದೆ. ಎಣ್ಣೆ ಹಚ್ಚುವ ಮಾದರಿಯ ಫಿಲ್ಟರ್ ಹಾಕಿದ್ದರೆ, ಅದಕ್ಕೆ ಎಣ್ಣೆ ಜಾಸ್ತಿಯಾಗಿದ್ದರೆ, ಎಣ್ಣೆಯ ಪಸೆಯೂ ತಂತಿಗೆ ಅಂಟುತ್ತದೆ. ವರ್ಷಗಟ್ಟಲೆ ಹೀಗಾದರೆ ತಂತಿಯ ಮೇಲೆ ಒಂದು ಕಂಬಳಿ ಹೊದ್ದಂತೆ. ಗಾಳಿ ಬೀಸಿದರೂ ಶಾಖ ಅಷ್ಟು ಬೇಗ ಹೋಗುವುದಿಲ್ಲ. ಸರ್ಕ್ಯೂಟ್ ಕಡಿಮೆ ವಿದ್ಯುತ್ ಕೊಡುತ್ತದೆ. ಗಾಳಿ ಕಡಿಮೆ ಬಂತು ಅಂತ ಇಸಿಯು ತಿಳಿಯುತ್ತದೆ, ಪೆಟ್ರೋಲ್ ಕಡಿಮೆ ಹಾಕುತ್ತದೆ. ಗಾಳಿ ಜಾಸ್ತಿ ಇರುವಾಗ, ಅಂದರೆ ಹೈವೇಯಲ್ಲಿ, ಘಟ್ಟದಲ್ಲಿ, ತಪ್ಪು ದೊಡ್ಡದಾಗುತ್ತದೆ. ಹಳೆಯ ಬಿಸಿ ತಂತಿಯ ಸೆನ್ಸರುಗಳಲ್ಲಿ ಎಂಜಿನ್ ಆಫ್ ಮಾಡಿದ ಮೇಲೆ ತಂತಿಯನ್ನು ಒಂದು ಕ್ಷಣ ಕೆಂಪಗೆ ಕಾಯಿಸಿ ಕೊಳೆ ಸುಡುವ ವ್ಯವಸ್ಥೆಯೇ ಇತ್ತು. ಈಗಿನ ತೆಳು ಪದರದ ಮಾದರಿಗಳಲ್ಲಿ ಕೊಳೆ ಅಂಟದ ಹಾಗೆ ಗಾಳಿಯ ದಾರಿಯನ್ನೇ ತಿರುಗಿಸಿರುತ್ತಾರೆ. ಕಡಿಮೆಯಾಗುತ್ತದೆ ನಿಜ, ಪೂರ್ತಿ ನಿಲ್ಲುವುದಿಲ್ಲ.

ಆ ಶೇ 4 ಈಗ ಬರುತ್ತದೆ. ವೋಲ್ಟೇಜಿನಲ್ಲಿ ಶೇ 1 ಕುಸಿಯುವಷ್ಟು ಕೊಳೆ ಹಿಡಿದರೆ ಸಾಕು, ಇ10ರಿಂದ ಇ20ಗೆ ಹಾರಿದಷ್ಟೇ ಲೀನ್ ಆಗುತ್ತದೆ. ಶೇ 4 ಕುಸಿದಿದ್ದರೆ ಟ್ರಿಮ್ ಆಗಲೇ ಶೇ 16-18ರ ಹತ್ತಿರ ಇರುತ್ತದೆ. ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ, ಯಾವ ಲೈಟೂ ಹತ್ತಿರುವುದಿಲ್ಲ, ಮಾಲೀಕರಿಗೆ ಏನೂ ಗೊತ್ತಿರುವುದಿಲ್ಲ, ಯಾಕೆಂದರೆ ಆಕ್ಸಿಜನ್ ಸೆನ್ಸರ್ ಸದ್ದಿಲ್ಲದೆ ಸಾಲ ತೀರಿಸುತ್ತಿರುತ್ತದೆ. ಅದರ ಮೇಲೆ ಇ20 ಬಂತು. ಇನ್ನೊಂದು 4 ಸೇರಿತು. ಮಿತಿ ದಾಟಿತು. ಚೆಕ್ ಎಂಜಿನ್ ಲೈಟ್ ಹತ್ತಿತು, ಸ್ಕ್ಯಾನರ್ ಹಾಕಿದರೆ ಪಿ0171, ಮಿಶ್ರಣ ಲೀನ್ ಅನ್ನುವ ಕೋಡ್.

ಈಗ ತಪ್ಪು ಯಾರದ್ದು? ಮಾಲೀಕರು ಹೇಳುತ್ತಾರೆ, ಮೊನ್ನೆವರೆಗೆ ಸರಿ ಇತ್ತು, ಪೆಟ್ರೋಲ್ ಬದಲಾದ ಮೇಲೆ ಹೀಗಾಯಿತು. ನಿಜ. ಮೆಕ್ಯಾನಿಕ್ ಹೇಳುತ್ತಾರೆ, ಸೆನ್ಸರ್ ಕೆಟ್ಟಿದೆ. ಅದೂ ನಿಜ. ಹೊರೆ ಮೊದಲೇ ಇತ್ತು, ಇ20 ಕೊನೆಯ ಮೂಟೆ. ಇ20ಯಿಂದ ಸೆನ್ಸರ್ ಹಾಳಾಯಿತು ಅನ್ನುವುದು ಮಾತ್ರ ಸುಳ್ಳು. ಏರ್ ಫ್ಲೋ ಸೆನ್ಸರ್ ಇರುವ ಜಾಗಕ್ಕೆ ಪೆಟ್ರೋಲ್ ಹೋಗುವುದೇ ಇಲ್ಲ.

ಇದನ್ನು ಬೇರ್ಪಡಿಸಲು ಒಂದು ದಾರಿ ಇದೆ. ಕಾರಿನ ಓಬಿಡಿ ಪೋರ್ಟಿಗೆ (ದೋಷ ಪತ್ತೆಗೆ ಸ್ಕ್ಯಾನರ್ ಹಾಕುವ ಕಿಂಡಿ) ಸಿಕ್ಕಿಸುವ ಬ್ಲೂಟೂತ್ ಸಾಧನ ಒಂದಿದ್ದರೆ ಮೊಬೈಲಿನಲ್ಲೇ ಟ್ರಿಮ್ ಕಾಣುತ್ತದೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುವಾಗ) ಒಮ್ಮೆ, 2,500 ಆರ್‌ಪಿಎಮ್‌ನಲ್ಲಿ ಒಮ್ಮೆ, ಆಮೇಲೆ ಹೈವೇಯಲ್ಲಿ ಪಕ್ಕದವರೊಬ್ಬರು ಒಮ್ಮೆ ನೋಡಬೇಕು. ಎಲ್ಲ ಕಡೆ ಸುಮಾರು ಒಂದೇ ಥರ ಶೇ 4-8 ಜಾಸ್ತಿ ಇದ್ದರೆ ಅದು ಇಂಧನದ ಪರಿಣಾಮ, ಚಿಂತೆ ಬೇಡ. ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಐಡಲ್‌ನಲ್ಲಿ ಬಹಳ ಜಾಸ್ತಿ ಇದ್ದು ವೇಗ ಏರಿದಂತೆ ಇಳಿದರೆ, ಸೆನ್ಸರ್ ಆದಮೇಲಿನ ಕೊಳವೆಯಲ್ಲಿ ಎಲ್ಲೋ ಬಿರುಕು ಇದೆ, ಅಳತೆ ಆಗದ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ. ವೇಗ ಏರಿದಂತೆ ಟ್ರಿಮ್ಮೂ ಏರುತ್ತಿದ್ದರೆ ಸೆನ್ಸರ್ ಕೊಳೆ, ಇಲ್ಲವೇ ಫ್ಯೂಯೆಲ್ ಪಂಪು ಅಥವಾ ಫಿಲ್ಟರ್ ಸೊರಗಿದೆ. ಹಳೆ ಟ್ಯಾಂಕಿನ ತಳದ ಕೊಳೆಯನ್ನು ಎಥೆನಾಲ್ ಎಬ್ಬಿಸಿ ಫಿಲ್ಟರಿಗೆ ತಂದು ಹಾಕುವುದೂ ಉಂಟು, ಅದು ಮಾತ್ರ ಇ20ಯ ನೇರ ಪಾಲು.

ಕೊಳೆ ಅಂತ ಗೊತ್ತಾದರೆ ಹೊಸ ಸೆನ್ಸರ್ ಕೊಳ್ಳುವ ಮೊದಲು ತೊಳೆದು ನೋಡಬಹುದು. ಅದಕ್ಕೇ ಅಂತ ಎಂಎಎಫ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಬಟ್ಟೆ, ಹತ್ತಿ, ಬ್ರಷ್ ಯಾವುದನ್ನೂ ತಂತಿಗೆ ತಾಗಿಸಬೇಡಿ, ಗಾಳಿ ಪಂಪಿನಿಂದ ಊದಬೇಡಿ. ಪೂರ್ತಿ ಒಣಗಿದ ಮೇಲೆ ಹಾಕಿ.

ಹಾಗಾದರೆ ಮೈಲೇಜ್?

ಮಿಶ್ರಣ ಸರಿಯಾಯಿತು ಅಂದರೆ ಮೈಲೇಜ್ ವಾಪಸ್ ಬಂತು ಅಂತ ಅಲ್ಲ. ಸೆನ್ಸರ್ ಪರವಾಗಿ ಮಾತಾಡುವವರು ಎಡವುವುದು ಇಲ್ಲಿ. ತಿದ್ದುಪಡಿ ಅಂದರೇನೇ ಜಾಸ್ತಿ ಇಂಧನ ಚಿಮ್ಮಿಸುವುದು.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ. ಎಥೆನಾಲಿನಲ್ಲಿ ಸುಮಾರು 21. ಬೆರೆಸಿದಾಗ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 7ರ ಹತ್ತಿರ ಕಡಿಮೆ, ಇ10ಗಿಂತ ಸುಮಾರು ಶೇ 3.5 ಕಡಿಮೆ. ಇ10ರಲ್ಲಿ 15 ಕಿ.ಮೀ. ಕೊಡುತ್ತಿದ್ದ ಕಾರು 14.5 ಕೊಡಬೇಕು. ಎಥೆನಾಲಿನ ಆಕ್ಟೇನ್, ಅಂದರೆ ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣ, ಜಾಸ್ತಿ. ಅದನ್ನು ಬಳಸಿಕೊಳ್ಳುವ ಹಾಗೆ ಕಂಪ್ರೆಷನ್ ಏರಿಸಿ ಸ್ಪಾರ್ಕ್ ಹೊಂದಿಸಿದ ಎಂಜಿನ್ ಈ ನಷ್ಟದ ಒಂದು ಪಾಲನ್ನು ಗಳಿಸಿಕೊಳ್ಳಬಹುದು. ಹಳೆ ಎಂಜಿನ್ನಿಗೆ ಆ ಲಾಭ ಅಷ್ಟಾಗಿ ಇಲ್ಲ.

ಅಂಕಿಗಳ ಜಗಳವೂ ಇದರಿಂದಲೇ. ನೀತಿ ಆಯೋಗದ 2021ರ ವರದಿ ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸವಾಗಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಶೇ 6-7 ನಷ್ಟ ಎಂದಿತ್ತು. 2025ರಲ್ಲಿ ಸಚಿವಾಲಯ ಹೇಳಿದ್ದು ಇ10ಗೆ ವಿನ್ಯಾಸವಾಗಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ 1-2, ಉಳಿದವುಗಳಲ್ಲಿ ಶೇ 3-6. ಇವನ್ನು ಅಕ್ಕಪಕ್ಕ ಇಟ್ಟವರು ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡರು. ಎರಡೂ ಬೇರೆ ಬೇರೆ ಕಾರುಗಳ ಬಗ್ಗೆ, ಬೇರೆ ಬೇರೆ ಮೊದಲಿನ ಗೆರೆಯಿಂದ ಅಳೆದದ್ದು. ನನ್ನ ಲೆಕ್ಕದಲ್ಲಿ ಎರಡೂ ಭೌತಶಾಸ್ತ್ರದ ಮಿತಿಯೊಳಗೇ ಇವೆ.

ಆ ಮಿತಿಯೊಳಗೆ ಇರದಿರುವುದು ಶೇ 20, ಶೇ 25 ಮೈಲೇಜ್ ಬಿತ್ತು ಅನ್ನುವ ದೂರುಗಳು. ಹಾಗೆ ಹೇಳುವವರು ಸುಳ್ಳುಗಾರರು ಅಂತ ಅಲ್ಲ. ಅಷ್ಟು ನಷ್ಟಕ್ಕೆ ಇಂಧನದ ಶಕ್ತಿ ಒಂದೇ ಕಾರಣ ಆಗಲಾರದು, ಅಷ್ಟೇ. ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಎಸಿ, ಟೈರಿನ ಗಾಳಿ, ಇಲ್ಲವೇ ಮೇಲೆ ಹೇಳಿದ ಹಾಗೆ ಯಾವುದೋ ಸೆನ್ಸರ್, ಪ್ಲಗ್, ಫಿಲ್ಟರ್ ಕೈಕೊಟ್ಟಿರುವ ಸಾಧ್ಯತೆ ಜಾಸ್ತಿ. ಎಲ್ಲವನ್ನೂ ಇ20 ತಲೆಗೆ ಕಟ್ಟಿ ಸುಮ್ಮನಾದರೆ ಆ ದೋಷ ಹಾಗೇ ಉಳಿಯುತ್ತದೆ. ದೀರ್ಘಕಾಲ ಲೀನ್ ಓಡಿದ ಎಂಜಿನ್‌ನಲ್ಲಿ ಮಿಸ್‌ಫೈರ್ ಆಗುತ್ತದೆ, ಸುಡದ ಪೆಟ್ರೋಲ್ ಹೋಗಿ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತದೆ, ಅದರ ಬಿಲ್ಲು ಸೆನ್ಸರಿನ ಬಿಲ್ಲಿಗಿಂತ ತುಂಬಾ ದೊಡ್ಡದು.

ಯಾವ ಸೆನ್ಸರಿನ ಕೈಯಲ್ಲೂ ಆಗದ್ದು

ರಬ್ಬರ್ ಪೈಪು, ಸೀಲು, ಓ-ರಿಂಗ್‌ಗಳ ಪ್ರಶ್ನೆ ಬೇರೆಯೇ. ಎಥೆನಾಲಿಗೆ ಒಗ್ಗದ ರಬ್ಬರ್ ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ತುಕ್ಕಿನ ಭಯ ಜಾಸ್ತಿ. ಇಸಿಯು ಇದನ್ನು ನೋಡಲಾರದು, ತಿದ್ದಲಾರದು. ಹಳೆ ಗಾಡಿಗಳಿಗೆ ಕೆಲವು ರಬ್ಬರ್ ಭಾಗಗಳನ್ನು ಬದಲಾಯಿಸಬೇಕಾಗಬಹುದು ಅಂತ ಸಚಿವಾಲಯವೂ ಒಪ್ಪಿದೆ, ಅದು ಅಗ್ಗದ ಕೆಲಸ ಅನ್ನುವುದು ಅದರ ವಾದ.

ಇನ್ನು ಕಾರ್ಬ್ಯುರೇಟರ್ ಗಾಡಿಗಳು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬರುವವರೆಗೆ ಮಾರಾಟವಾದ ಬೈಕು ಸ್ಕೂಟರುಗಳಲ್ಲಿ ಬಹುಪಾಲು ಇಂಥವೇ. ಅವುಗಳಲ್ಲಿ ಪಾವೂ ಇಲ್ಲ, ಅಗುಳು ನೋಡುವ ಕೈಯೂ ಇಲ್ಲ. ಪೆಟ್ರೋಲ್ ಬಿಡುವ ಜೆಟ್‌ನ ತೂತು ಎಷ್ಟಿದೆಯೋ ಅಷ್ಟೇ ಪೆಟ್ರೋಲ್. ಇ20 ಹಾಕಿದರೆ ಅಷ್ಟರ ಮಟ್ಟಿಗೆ ಲೀನ್ ಆಗಿಯೇ ಓಡಬೇಕು. ಜಗಳದಲ್ಲಿ ಕಾರಿನವರ ದನಿ ಜೋರು, ನಿಜವಾಗಿ ರಕ್ಷಣೆ ಇಲ್ಲದಿರುವುದು ಹಳೆ ಸ್ಕೂಟರಿನವರಿಗೆ.

ಯಾರ ವಾದ ಏನು

ಸರ್ಕಾರದ ವಾದ ಗೊತ್ತಿರುವುದೇ: ಕಚ್ಚಾ ತೈಲದ ಆಮದು ಖರ್ಚು ಉಳಿಯುತ್ತದೆ, ಆ ದುಡ್ಡು ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಹೋಗುತ್ತದೆ, ಇಂಗಾಲ ಕಡಿಮೆ. ಬೆಳಗಾವಿ, ಬಾಗಲಕೋಟೆಯ ಕಬ್ಬು, ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಇರುವ ನಮ್ಮ ರಾಜ್ಯಕ್ಕೆ ಇದು ದೂರದ ಮಾತಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಕಡೆ ಕಬ್ಬಿನ ದರಕ್ಕಾಗಿ ರೈತರು ರಸ್ತೆಗಿಳಿದಾಗ, ಕರ್ನಾಟಕದ ಕಾರ್ಖಾನೆಗಳಿಗೆ ಎಥೆನಾಲ್ ಹಂಚಿಕೆ ಕಡಿಮೆ ಸಿಕ್ಕಿದೆ ಅನ್ನುವ ದೂರನ್ನು ರಾಜ್ಯ ಸರ್ಕಾರ ಕೇಂದ್ರದ ಮುಂದೆ ಇಟ್ಟಿತು.

ಬಳಕೆದಾರರ ವಾದ ಎರಡು. ಆಯ್ಕೆ ಇಲ್ಲ ಅನ್ನುವುದು ಒಂದು. ಶಕ್ತಿ ಕಡಿಮೆ ಇರುವ ಇಂಧನಕ್ಕೆ ಅದೇ ಬೆಲೆ ಯಾಕೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ತೂಕ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ನೀತಿ ಆಯೋಗದ 2021ರ ವರದಿಯೇ ಮೈಲೇಜ್ ನಷ್ಟ ತುಂಬಲು ತೆರಿಗೆ ರಿಯಾಯಿತಿಯ ಸಲಹೆ ಕೊಟ್ಟಿತ್ತು. ಎಥೆನಾಲ್ ಖರೀದಿ ಬೆಲೆಯೇ ಸಂಸ್ಕರಿಸಿದ ಪೆಟ್ರೋಲಿನ ತೆರಿಗೆ ಸೇರುವ ಮೊದಲಿನ ವೆಚ್ಚಕ್ಕಿಂತ ಜಾಸ್ತಿಯಾಗಿದೆ, ಅಗ್ಗ ಮಾಡುವುದು ಹೇಗೆ ಅನ್ನುವುದು 2025ರಲ್ಲಿ ಸಚಿವಾಲಯದ ವಾದವಾಗಿತ್ತು. ಇದು ದುಡ್ಡಿನ ಪ್ರಶ್ನೆ. ಇದಕ್ಕೆ "ನಿಮ್ಮ ಕಾರಿನ ಸೆನ್ಸರ್ ಹೊಂದಿಸಿಕೊಳ್ಳುತ್ತದೆ" ಅನ್ನುವುದು ಉತ್ತರವೇ ಅಲ್ಲ. ಹಾಗೆಯೇ ಎಂಜಿನ್ ಸುಟ್ಟುಹೋಗುತ್ತದೆ ಅಂತ ಹೆದರಿಸುವುದರಿಂದ ಈ ನ್ಯಾಯವಾದ ಪ್ರಶ್ನೆ ಮೂಲೆಗೆ ಬೀಳುತ್ತದೆ.

ಬೆರಕೆ ಇನ್ನೂ ಏರಿದರೆ

ಬ್ರೆಜಿಲ್ ಈ ದಾರಿಯಲ್ಲಿ ನಮಗಿಂತ ಬಹಳ ಮುಂದೆ. ಅಲ್ಲಿ 2015ರಿಂದ ಶೇ 27ರ ಬೆರಕೆ ಇತ್ತು, 2025ರ ಆಗಸ್ಟ್ 1ರಿಂದ ಶೇ 30 ಆಯಿತು. ಬಂಕ್‌ನಲ್ಲಿ ಬರೀ ಎಥೆನಾಲೂ ಸಿಗುತ್ತದೆ. ಅದನ್ನು ತಾಳಿಕೊಳ್ಳುವ ಫ್ಲೆಕ್ಸ್ ಕಾರುಗಳು 2003ರಿಂದ ಮಾರಾಟದಲ್ಲಿವೆ. ಆ ಕಾರುಗಳಲ್ಲಿ ಬಹಳಷ್ಟರಲ್ಲಿ ಎಥೆನಾಲ್ ಅಳೆಯುವ ಬೇರೆ ಸೆನ್ಸರ್ ಇಲ್ಲ. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನೇ ಇಟ್ಟುಕೊಂಡು ಟ್ಯಾಂಕಿನಲ್ಲಿ ಎಷ್ಟು ಎಥೆನಾಲ್ ಇದೆ ಅಂತ ಸಾಫ್ಟ್‌ವೇರ್ ಊಹಿಸುತ್ತದೆ, ಸ್ಪಾರ್ಕನ್ನೂ ಕೋಲ್ಡ್ ಸ್ಟಾರ್ಟನ್ನೂ ಅದಕ್ಕೆ ತಕ್ಕಂತೆ ಬದಲಾಯಿಸುತ್ತದೆ. ಅಮೆರಿಕದ ಕೆಲವು ಫ್ಲೆಕ್ಸ್ ಕಾರುಗಳಲ್ಲಿ ಇಂಧನದ ಪೈಪಿನಲ್ಲೇ ಎಥೆನಾಲ್ ಸೆನ್ಸರ್ ಕೂರಿಸಿದ್ದರು.

ನಮ್ಮ ಇ10 ಕಾಲದ ಕಾರುಗಳಿಗೆ ಈ ಎರಡೂ ಇಲ್ಲ. ಅವುಗಳ ಟ್ರಿಮ್ ಇರುವುದು ಚಿಲ್ಲರೆ ತಪ್ಪುಗಳನ್ನು ತಿದ್ದಲು, ಇಂಧನವನ್ನು ಗುರುತಿಸಲು ಅಲ್ಲ. ಇ20ಗೆ 4 ಅಥವಾ 8 ಹೋಯಿತು. ಇದೇ ಲೆಕ್ಕದಲ್ಲಿ ಇ30 ಆದರೆ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿಸಿದ ಎಂಜಿನ್‌ಗೆ 12ರ ಹತ್ತಿರ ಹೋಗುತ್ತದೆ. ಕೊಳೆ ಹಿಡಿದ ತಂತಿ, ಸೊರಗಿದ ಪಂಪು, ಹಳೆ ಪ್ಲಗ್ಗಿಗೆ ಆಗ ಉಳಿಯುವ ಜಾಗ ಇನ್ನೂ ಚಿಕ್ಕದು. ಇ20 ಮಟ್ಟ 2026ರ ಅಕ್ಟೋಬರ್ 31ರವರೆಗೆ ಅಂತ ಸಚಿವಾಲಯ 2025ರಲ್ಲಿ ಹೇಳಿತ್ತು. ಅದಾದ ಮೇಲೆ ಬೆರಕೆ ಏರಿಸುವುದಾದರೆ, ಹಳೆ ಗಾಡಿಗಳಿಗೆ ಬಂಕ್‌ನಲ್ಲಿ ಇನ್ನೊಂದು ಪೈಪು ಇರುತ್ತದೋ ಇಲ್ಲವೋ ಅನ್ನುವುದನ್ನು ಈ ಸಲ ಮೊದಲೇ ಹೇಳಬೇಕಾಗುತ್ತದೆ.